ಗುಂಪಿನಿಂದ ತೆಗೆದ ಹುಡುಗ ಈಗ ಆಟಕ್ಕೂ ಬರುತ್ತಿಲ್ಲ: ಪ್ರತಿಕ್ರಿಯೆ

ದ್ವೇಷದ ವಿಡಿಯೋ ಹಾಕುತ್ತಿದ್ದ 19ರ ಹುಡುಗನನ್ನು ಯುವಕ ಸಂಘದ ವಾಟ್ಸಾಪ್ ಗುಂಪಿನಿಂದ ತೆಗೆದಿರಿ, ಈಗ ಅವನು ಆಟಕ್ಕೂ ಬರುತ್ತಿಲ್ಲ ಅಂದಿರಿ. ಇದರ ಹಿಂದೆ ಇರುವುದು ಬಹುಶಃ ಸಿದ್ಧಾಂತಕ್ಕಿಂತ ಜಾಸ್ತಿ ಒಂಟಿತನ, ಅವಮಾನ. 'ನಿನಗೆ ನಾವು ಮಾತ್ರ ಇರೋದು' ಅಂತ ದ್ವೇಷ ಹರಡುವವರು ಇಂಥ ಹುಡುಗರಿಗೆ ಹೇಳುತ್ತಿರುತ್ತಾರೆ. ನೀವು ಹೊರಗೆ ಹಾಕಿದ್ದು ಅದಕ್ಕೆ ಸಾಕ್ಷಿ ಕೊಟ್ಟಂತಾಯಿತು.

ಮೊದಲು ಅವನು ನಂಬುವ ಒಬ್ಬರು ಮಾತ್ರ ಹೋಗಿ ಮಾತಾಡಲಿ. ನಾಲ್ಕು ಜನ ಹೋದರೆ ಅದು ವಿಚಾರಣೆ ಆಗುತ್ತದೆ. ವಾದ ಬೇಡವೇ ಬೇಡ. ಇಂಥ ಒಬ್ಬ ಹುಡುಗನ ಮುಂದೆ ನಾನು ಅಂಕಿ ಅಂಶ ಹಿಡಿದು ಕೂತಿದ್ದೆ. ಒಂದೊಂದಕ್ಕೂ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಮುಂದಿನ ಸಲ ಸುಮ್ನೆ, "ಕೆಲಸ ಹೋದ ಮೇಲೆ ದಿನ ಹೇಗೆ ಕಳೆಯುತ್ತೀಯ?" ಅಂತ ಕೇಳಿದೆ. ಮೊಬೈಲ್ ಮಗುಚಿಟ್ಟು ಒಂದು ಗಂಟೆ ಮಾತಾಡಿದ.

ಆಮೇಲೆ ಅವನಿಗೊಂದು ಜವಾಬ್ದಾರಿ ಕೊಡಿ. ಸಾಮಾನಿನ ಕೋಣೆಯ ಬೀಗದ ಕೈ ಕೊಟ್ಟರೂ ಸಾಕು, ಅವನಿಗಾಗಿ ಕಾಯುವವರು ಇದ್ದಾರೆ ಅಂತ ಗೊತ್ತಾಗಬೇಕು. ಡೆನ್ಮಾರ್ಕ್‌ನ ಓರ್‌ಹುಸ್ ನಗರದಲ್ಲಿ ಪೊಲೀಸರೂ ನಗರಾಡಳಿತವೂ ಸೇರಿ ಇಂಥ ಯುವಕರಿಗೆ ಒಬ್ಬ ಮಾರ್ಗದರ್ಶಕರನ್ನು ಜೊತೆ ಮಾಡುತ್ತಾರೆ. ಕೆಲಸ, ಓದು, ಮನೆ ವಿಷಯದಲ್ಲೂ ನೆರವಾಗುತ್ತಾರೆ.

ಗುಂಪಿಗೆ ವಾಪಸ್ ಸೇರಿಸಿ, ಆದರೆ ದ್ವೇಷದ ವಿಡಿಯೋ ಯಾರೂ ಹಾಕುವ ಹಾಗಿಲ್ಲ ಅಂತ ನಿಯಮ ಮಾಡಿ. ಅವನೊಬ್ಬನಿಗೆ ಅಲ್ಲ, ಎಲ್ಲರಿಗೂ.

ಎಷ್ಟು ದಿನ ಹಿಡಿಯುತ್ತದೆ ಅಂತ ಯಾರೂ ಹೇಳಲಾರರು, ತಿಂಗಳುಗಳೇ ಆಗಬಹುದು. ಆದರೆ ಆಯುಧ, ದಾಳಿ, ವಿದಾಯದ ಮಾತು ಬಂದರೆ ಕಾಯಬೇಡಿ. ಅವತ್ತೇ ಮನೆಯವರಿಗೂ ಪೊಲೀಸರಿಗೂ ತಿಳಿಸಿ.