ಡಿಫರೆನ್ಷಿಯಲ್ ಕೂರಿಸಲು ಯಾವ ಬೋಲ್ಟ್: 8.8, 10.9, 12.9?

ನಿಮ್ಮ ಪ್ರಶ್ನೆಯ ಸಾರ: ಸ್ವಂತವಾಗಿ ಕಟ್ಟುತ್ತಿರುವ, ಸುಮಾರು 800 ಕಿಲೋ ತೂಗುವ ಕಾರು, ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಇಂಜಿನ್ ಟಾರ್ಕ್ 200 ನ್ಯೂಟನ್ ಮೀಟರ್. ಡಿಫರೆನ್ಷಿಯಲ್ (ಇಂಜಿನ್ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಚಾಸಿಗೆ ಮೂರು ಕಡೆ ಕೂರುತ್ತದೆ, ಮೂತಿಯಲ್ಲಿ ಒಂದು, ಹಿಂದೆ ಎರಡು. ಎಂ10 ಹಾಕಲೋ ಎಂ12 ಹಾಕಲೋ (ಅಂದರೆ 10 ಅಥವಾ 12 ಎಂಎಂ ವ್ಯಾಸದ ಬೋಲ್ಟ್), ಎಲ್ಲರೂ ಹೇಳುವಂತೆ 12.9 ಗ್ರೇಡೇ ಬೇಕೋ (ಗ್ರೇಡ್ ಸಂಖ್ಯೆ ಏರಿದಷ್ಟೂ ಸ್ಟೀಲ್ ಗಟ್ಟಿ)?

ಮೂರು ಕಡೆಯೂ ಎಂ12, ಗ್ರೇಡ್ 10.9 ಹಾಕಿ. ಬೋಲ್ಟ್ ಬ್ರಾಕೆಟ್‌ನ ಎರಡು ಕಿವಿಗಳ (ಎದುರುಬದುರು ನಿಂತ ಪ್ಲೇಟುಗಳ) ಮೂಲಕ ಹಾದುಹೋಗಲಿ, ಒಂದೇ ಪ್ಲೇಟಿಗೆ ನೇತಾಡುವುದು ಬೇಡ. 12.9 ಬೇಡ.

ಮೊದಲು ಬಲ ಎಷ್ಟು ಬರುತ್ತದೆ ನೋಡಿ. ಮೊದಲ ಗೇರ್‌ನ ಅನುಪಾತ 3.5, ಫೈನಲ್ ಡ್ರೈವ್ (ಡಿಫರೆನ್ಷಿಯಲ್ ಒಳಗಿನ ಗೇರ್ ಅನುಪಾತ) 4.1 ಅಂದುಕೊಂಡರೆ ಲೆಕ್ಕದಲ್ಲಿ ಚಕ್ರಕ್ಕೆ 2870 ನ್ಯೂಟನ್ ಮೀಟರ್ ಹೋಗಬೇಕು. ಆದರೆ ಅಷ್ಟನ್ನು ಟೈರ್ ತಡೆಯುವುದಿಲ್ಲ. ಕಾರು ಹೊರಡುವಾಗ ಹಿಂದಿನ ಚಕ್ರಗಳ ಮೇಲೆ 480 ಕಿಲೋ ಇದ್ದು, ಹಿಡಿತ 1.1, ಚಕ್ರದ ತ್ರಿಜ್ಯ 0.3 ಮೀಟರ್ ಇದ್ದರೆ ಸುಮಾರು 1550ಕ್ಕೇ ಚಕ್ರ ಜಾರುತ್ತದೆ. ಎರಡರಲ್ಲಿ ಕಡಿಮೆಯದ್ದೇ ನಿಮ್ಮ ಲೆಕ್ಕದ ಸಂಖ್ಯೆ. ಈ ಟಾರ್ಕ್‌ಗೆ ಎದುರಾಗಿ ಡಿಫರೆನ್ಷಿಯಲ್ ತನ್ನ ಮೂತಿ ಮೇಲೆತ್ತುತ್ತದೆ. ಮುಂದಿನ ಮತ್ತು ಹಿಂದಿನ ಬೋಲ್ಟ್‌ಗಳ ನಡುವೆ 300 ಎಂಎಂ ಇದ್ದರೆ ಮೂತಿಯ ಬೋಲ್ಟ್‌ಗೆ 5.2 ಕಿಲೋನ್ಯೂಟನ್. ಹಿಂದಿನ ಎರಡಕ್ಕೆ ತಲಾ 2.6. ಅದರ ಮೇಲೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಬರುವ ಉದ್ದದ ದಂಡ) ಡಿಫರೆನ್ಷಿಯಲ್ಲನ್ನು ಪಕ್ಕಕ್ಕೆ ಹೊರಳಿಸಲು ನೋಡುತ್ತದೆ. ಹಿಂದಿನ ಬೋಲ್ಟ್‌ಗಳು 250 ಎಂಎಂ ಅಂತರದಲ್ಲಿದ್ದರೆ ಇನ್ನೊಂದು 1.5 ಸೇರುತ್ತದೆ. ಕ್ಲಚ್ ಫಟ್ಟನೆ ಬಿಟ್ಟಾಗ, ಚಕ್ರ ಕುಪ್ಪಳಿಸಿ ಮತ್ತೆ ನೆಲ ಹಿಡಿದಾಗ ಬರುವ ಹೊಡೆತಕ್ಕೆಂದು ಮೂರರಿಂದ ಗುಣಿಸಿ: ಮೂತಿಗೆ 15.5, ಹಿಂದೆ ಒಂದೊಂದಕ್ಕೆ 12.3 ಕಿಲೋನ್ಯೂಟನ್. ನಿಮ್ಮ ಅಳತೆ ಬೇರೆ ಇದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿ. ಅಂತರ ಕಡಿಮೆಯಾದಷ್ಟೂ ಬಲ ಏರುತ್ತದೆ.

ಎಂ12 ಗ್ರೇಡ್ 8.8 ಬೋಲ್ಟಿನ ನುಣುಪು ಭಾಗವನ್ನು ಅಡ್ಡಡ್ಡ ಕತ್ತರಿಸಲು 50 ಕಿಲೋನ್ಯೂಟನ್‌ಗಿಂತ ಹೆಚ್ಚು ಬೇಕು. ಹಾಗಾದರೆ 8.8 ಧಾರಾಳವಾಗಿ ಸಾಕಲ್ಲ ಅನಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಬೋಲ್ಟ್ ಇರುವುದು ಗೂಟದ ಹಾಗೆ ತಡೆದು ನಿಲ್ಲಲು ಅಲ್ಲ, ಎರಡು ಲೋಹಗಳನ್ನು ಒತ್ತಿ ಹಿಡಿಯಲು. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಬಲವನ್ನು ಹೊರಬೇಕು. ಬ್ರಾಕೆಟ್ ಒಮ್ಮೆ ಜಾರಿತೆಂದರೆ ವೇಗ ಹೆಚ್ಚಿಸಿದಾಗ ಒಂದು ಕಡೆಗೆ, ಇಂಜಿನ್ ಬ್ರೇಕಿಂಗ್‌ನಲ್ಲಿ ಇನ್ನೊಂದು ಕಡೆಗೆ ಸರಿಯುತ್ತಲೇ ಇರುತ್ತದೆ. ನಟ್ ಬಿಚ್ಚಿಕೊಳ್ಳುತ್ತದೆ, ಬೋಲ್ಟ್ ಬಾಗಿ ಬಾಗಿ ದಣಿದು ಮುರಿಯುತ್ತದೆ. ಹಾಗೆ ಮುರಿದ ಬೋಲ್ಟಿನ ಮುಖ ನೋಡಿದರೆ ಗೊತ್ತಾಗುತ್ತದೆ: ಒಂದು ಅಂಚಿನಿಂದ ಶುರುವಾದ ನುಣುಪಾದ ಕಮಾನುಗೆರೆಗಳು, ಕೊನೆಗೆ ಉಳಿದ ಸಣ್ಣ ಭಾಗ ಮಾತ್ರ ಒರಟು. ಅದನ್ನು ಕೈಯಲ್ಲಿ ಹಿಡಿದು ‘ಗ್ರೇಡ್ ಸಾಲಲಿಲ್ಲ’ ಎನ್ನುವವರೇ ಹೆಚ್ಚು. ಸಾಲದೆ ಹೋದದ್ದು ಬಿಗಿತ.

ಪ್ರೂಫ್ ಬಲದ (ಬೋಲ್ಟ್ ಶಾಶ್ವತವಾಗಿ ಹಿಗ್ಗದೆ ತಡೆಯುವ ಬಲದ) ಮುಕ್ಕಾಲು ಪಾಲಿಗೆ ಬಿಗಿದರೆ ಎಂ12 8.8 ಸುಮಾರು 37 ಕಿಲೋನ್ಯೂಟನ್ ಒತ್ತಿ ಹಿಡಿಯುತ್ತದೆ, 10.9 ಸುಮಾರು 52. ಘರ್ಷಣೆ 0.15 ಹಿಡಿಯಿರಿ, ಎರಡು ಕಿವಿ ಎಂದರೆ ಎರಡು ಮುಖ: ಜಾರದೆ ತಡೆಯುವ ಬಲ 8.8ಕ್ಕೆ 11, 10.9ಕ್ಕೆ 15.7 ಕಿಲೋನ್ಯೂಟನ್. ಮೂತಿಗೆ ಬೇಕಾದದ್ದು 15.5. ಎಂ10 10.9 ಇದೇ ಲೆಕ್ಕದಲ್ಲಿ ಸುಮಾರು 10.8ಕ್ಕೆ ನಿಲ್ಲುತ್ತದೆ, ಸಾಲದು. ಒಂದೇ ಪ್ಲೇಟಿಗೆ ಬಿಗಿದರೆ ಎಲ್ಲವೂ ಅರ್ಧವಾಗುತ್ತದೆ. ಆಗ ಬೋಲ್ಟ್‌ಗಳ ಸಂಖ್ಯೆ ಹೆಚ್ಚಿಸಬೇಕು, ಇಲ್ಲವೇ ಡೋವೆಲ್ ಪಿನ್ (ಜಾರದಂತೆ ತಡೆಯುವ ಬಿಗಿ ಗೂಟ) ಹಾಕಬೇಕು.

ಈ ಬಿಗಿತ ಉಳಿಯುವುದು ಬ್ರಾಕೆಟ್ ಸರಿಯಿದ್ದರೆ ಮಾತ್ರ. 2 ಎಂಎಂ ಗೋಡೆಯ ಚೌಕ ಪೈಪಿಗೆ ತೂತು ಕೊರೆದು ಬೋಲ್ಟ್ ತೂರಿಸಿ ಬಿಗಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ, ಟಾರ್ಕ್ ರೆಂಚ್ ಕ್ಲಿಕ್ ಅಂದರೂ ಹಿಡಿತವಿಲ್ಲ. ಪೈಪಿನ ಅಡ್ಡಕ್ಕೆ ದಪ್ಪ ಗೋಡೆಯ ಕೊಳವೆ ತೂರಿಸಿ ಎರಡೂ ಕಡೆ ವೆಲ್ಡ್ ಮಾಡಿ, ಆಮೇಲೆ ಮುಖ ಸಮತಟ್ಟಾಗಿ ತಿಕ್ಕಿ. ರಬ್ಬರ್ ಬುಷ್ ಇದ್ದರೆ ಅದರ ಒಳಗಿನ ಸ್ಟೀಲ್ ಕೊಳವೆಯನ್ನೇ ಕಿವಿಗಳು ಕಚ್ಚಬೇಕು. ಕಿವಿಗಳ ನಡುವಿನ ಅಂತರ ಆ ಕೊಳವೆಗಿಂತ ಅರ್ಧ ಎಂಎಂ ಮಾತ್ರ ಹೆಚ್ಚಿರಲಿ. ಒತ್ತುವ ಮುಖಗಳಲ್ಲಿ ಪೇಂಟ್, ಪೌಡರ್ ಕೋಟಿಂಗ್ ಕೆರೆದು ತೆಗೆಯಿರಿ. ದಪ್ಪ ಪೇಂಟ್ ಕ್ರಮೇಣ ಚಪ್ಪಟೆಯಾಗಿ ಬಿಗಿತ ನುಂಗುತ್ತದೆ. ತೂತು 13 ಎಂಎಂ.

ಉದ್ದಕ್ಕೆ ಒಂದು ಉದಾಹರಣೆ. 60 ಎಂಎಂ ಬುಷ್ ಕೊಳವೆ, 5 ಎಂಎಂ ಕಿವಿ ಎರಡು, 2.5 ಎಂಎಂ ವಾಷರ್ ಎರಡು: ಒಟ್ಟು 75. 90 ಎಂಎಂ ಬೋಲ್ಟ್ ತಂದರೆ ನಟ್ ಹಾಗೂಹೀಗೂ ಕೂರುತ್ತದೆ, ಆದರೆ ಕೊನೆಯ 30 ಎಂಎಂ ಥ್ರೆಡ್ ಆದ್ದರಿಂದ ಥ್ರೆಡ್ ಬುಷ್ ಕೊಳವೆಯೊಳಗೇ ಶುರುವಾಗುತ್ತದೆ. 100 ಎಂಎಂ ತನ್ನಿ, ಒಂದು ಭಾಗಕ್ಕೆ ಮಾತ್ರ ಥ್ರೆಡ್ ಇರುವ ಡಿನ್ (ಜರ್ಮನ್ ಮಾನಕ) 931 ಮಾದರಿ. ತಲೆಯವರೆಗೂ ಥ್ರೆಡ್ ಇರುವ ಡಿನ್ 933 ಅಲ್ಲ. ನಟ್ ಬಿಗಿದಾದ ಮೇಲೆ ಕನಿಷ್ಠ ಎರಡು ಥ್ರೆಡ್ ಹೊರಗೆ ಕಾಣಬೇಕು. ನಟ್ ಗ್ರೇಡ್ 10, ವಾಷರ್ ಗಟ್ಟಿಯಾಗಿಸಿದ್ದು. ತೆಳು ತಗಡಿನ ವಾಷರ್ ಬೋಲ್ಟ್ ತಲೆಯ ಕೆಳಗೆ ಬಟ್ಟಲಾಗಿಬಿಡುತ್ತದೆ.

ಬೋಲ್ಟ್ ನೇರವಾಗಿ ಡಿಫರೆನ್ಷಿಯಲ್ ಹೌಸಿಂಗ್ ಒಳಗಿನ ಥ್ರೆಡ್‌ಗೆ ಹೋಗುವುದಾದರೆ ಕಥೆ ಬೇರೆ. ಮೊದಲು ಥ್ರೆಡ್ ಗೇಜ್ ಹಿಡಿದು ನೋಡಿ: ಎಂ12ರಲ್ಲೇ 1.75, 1.5, 1.25 ಎಂಎಂ ಪಿಚ್ (ಥ್ರೆಡ್‌ಗಳ ನಡುವಿನ ಅಂತರ) ಇವೆ, ಹಳೆಯವುಗಳಲ್ಲಿ ಇಂಚಿನ ಥ್ರೆಡ್ ಕೂಡ ಸಿಗುತ್ತದೆ. ಎರಡು ಸುತ್ತು ಕೈಯಲ್ಲಿ ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ. ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಬೋಲ್ಟ್ ವ್ಯಾಸದ ಎರಡರಷ್ಟು ಆಳ ಥ್ರೆಡ್ ಹಿಡಿಯಬೇಕು, ಎಂ12ಕ್ಕೆ 24 ಎಂಎಂ. ತೂತಿನ ಆಳವನ್ನು ತೆಳು ಕಡ್ಡಿಯಿಂದ ಅಳೆದು, ತಳದಲ್ಲಿ 3 ಎಂಎಂ ಬಿಟ್ಟು ಬೋಲ್ಟ್ ಉದ್ದ ನಿರ್ಧರಿಸಿ. ತಳ ಮುಟ್ಟಿದ ಬೋಲ್ಟ್ ಟಾರ್ಕ್ ತೋರಿಸುತ್ತದೆ, ಬ್ರಾಕೆಟ್ ಮಾತ್ರ ಸಡಿಲ. ತೂತು ಹೌಸಿಂಗ್ ಒಳಗೇ ತೆರೆದುಕೊಂಡಿದ್ದರೆ ಉದ್ದದ ಬೋಲ್ಟ್ ಒಳಗಿನ ದೊಡ್ಡ ಗೇರಿಗೆ (ಕ್ರೌನ್ ವೀಲ್) ತಾಗಬಹುದು. ಅಲ್ಲಿ ಎಣ್ಣೆ ಜಿನುಗದಂತೆ ಸೀಲಂಟ್ ಕೂಡ ಬೇಕು. ಅಲ್ಯೂಮಿನಿಯಂ ಥ್ರೆಡ್‌ಗೆ ಬಿಗಿಯುವಾಗ 10.9ರ ಪೂರ್ತಿ ಟಾರ್ಕ್ ಕೊಡಬೇಡಿ, ತಯಾರಕರ ಸಂಖ್ಯೆಯನ್ನೇ ಹಿಡಿಯಿರಿ.

12.9 ಯಾಕೆ ಬೇಡವೆಂದರೆ, ಅಷ್ಟು ಗಟ್ಟಿ ಸ್ಟೀಲ್‌ಗೆ ಜಿಂಕ್ ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಒಳಸೇರಿದರೆ ಬಿಗಿದ ಮೇಲೆ ಗಂಟೆಗಳೋ ದಿನಗಳೋ ಕಳೆದು ತಲೆ ತಾನೇ ಹಾರುತ್ತದೆ. ಪ್ಲೇಟಿಂಗ್ ಇಲ್ಲದ ಕಪ್ಪು ಬೋಲ್ಟ್ ಕಾರಿನಡಿ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಎ2-70 ನೋಡಲು ಚೆಂದ, ಆದರೆ ಅದರ ಬಲ 8.8ಕ್ಕಿಂತಲೂ ಕಡಿಮೆ, ಥ್ರೆಡ್ ಕಚ್ಚಿಕೊಳ್ಳುವ ಚಾಳಿ ಬೇರೆ.

ಸೀಳಿದ ಸ್ಪ್ರಿಂಗ್ ವಾಷರ್ ನಂಬಬೇಡಿ. ಪೂರ್ತಿ ಬಿಗಿದಾಗ ಅದು ಮಾಮೂಲಿ ಚಪ್ಪಟೆ ವಾಷರ್ ಅಷ್ಟೇ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್) ಸಾಕು, ಬಿಚ್ಚಿದಾಗಲೆಲ್ಲ ಹೊಸದು. ಸೈಲೆನ್ಸರ್ ಪೈಪ್ ಹತ್ತಿರ ಹಾದು 120 ಡಿಗ್ರಿ ದಾಟುವ ಕಡೆ ಪೂರ್ತಿ ಲೋಹದ ಲಾಕ್ ನಟ್ ಹಾಕಿ. ಹೌಸಿಂಗ್ ಥ್ರೆಡ್‌ಗೆ ಥ್ರೆಡ್ ಹಿಡಿದಿಡುವ ಅಂಟು, ನೀಲಿ ಲಾಕ್‌ಟೈಟ್ 243.

ಎಂ12 10.9ಕ್ಕೆ ಒಣ ಥ್ರೆಡ್ ಆದರೆ ಸುಮಾರು 125 ನ್ಯೂಟನ್ ಮೀಟರ್, ತುಸು ಎಣ್ಣೆ ಸವರಿದ್ದರೆ 95. ಎಣ್ಣೆ ಸವರಿ 125ಕ್ಕೆ ಬಿಗಿದರೆ ಬೋಲ್ಟ್ ಪ್ರೂಫ್ ಬಲದ ಅಂಚಿಗೇ ಹೋಗುತ್ತದೆ. ತಲೆಯನ್ನು ಹಿಡಿದು ನಟ್ಟನ್ನು ತಿರುಗಿಸಿ, ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿತ ಕೊಡಿ. ನಟ್‌ನಿಂದ ಬ್ರಾಕೆಟ್‌ವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದು, ಮೊದಲ 100 ಕಿಲೋಮೀಟರ್ ಆದ ಮೇಲೆ ನೋಡಿ. ಗೆರೆ ಮುರಿದಿದ್ದರೆ ಮತ್ತೆ ಬಿಗಿದು ಸುಮ್ಮನಾಗಬೇಡಿ. ಬೋಲ್ಟ್ ಹೊರತೆಗೆದು ಬ್ರಾಕೆಟ್ ಮುಖದಲ್ಲಿ ಉಜ್ಜಿದ ಹೊಳಪೋ ಕೆಂಪು ಪುಡಿಯೋ ಇದೆಯೇ ನೋಡಿ. ಇದ್ದರೆ ಅಲ್ಲಿ ಜಾರುತ್ತಿದೆ, ಬ್ರಾಕೆಟ್ಟನ್ನೇ ಸರಿಮಾಡಿ ಹೊಸ ಬೋಲ್ಟ್ ಹಾಕಬೇಕು.