ಕೇಬಲ್ ಕಿತ್ತರೆ ಒಮ್ಮೆ 30, ಒಮ್ಮೆ 50 ಸೆಕೆಂಡ್ ಯಾಕೆ?

ಒಂದು ಕೇಬಲ್ ಕಿತ್ತರೆ ನೆಟ್‌ವರ್ಕ್ 30 ಸೆಕೆಂಡ್, ಇನ್ನೊಂದು ಕಿತ್ತರೆ 50 ಸೆಕೆಂಡ್ ನಿಂತುಹೋಗುತ್ತದೆ, ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆ) ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಸರ್, ಗಾಬರಿ ಬೇಡ. ಮೂರು ಸ್ವಿಚ್‌ಗಳನ್ನು ತ್ರಿಕೋನವಾಗಿ ಜೋಡಿಸಿದ್ದೀರಿ ಅಂದಿರಲ್ಲ, ಅಲ್ಲಿ ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಲೂಪ್, ಅಂದರೆ ಸುತ್ತುದಾರಿ, ಆಗದಂತೆ ತಡೆಯುವ ವ್ಯವಸ್ಥೆ) ಒಂದು ದಾರಿಯನ್ನು ಬೇಕೆಂದೇ ಮುಚ್ಚಿಟ್ಟಿರುತ್ತದೆ. ಎಥರ್ನೆಟ್ ಫ್ರೇಮಿಗೆ (ಕೇಬಲ್‌ನಲ್ಲಿ ಹೋಗುವ ಮಾಹಿತಿಯ ಕಟ್ಟು) ಆಯಸ್ಸಿನ ಮಿತಿ ಇಲ್ಲ, ಲೂಪ್ ಸಿಕ್ಕರೆ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಅದಕ್ಕೇ 1985ರಲ್ಲಿ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ ಈ ಉಪಾಯ ಹುಡುಕಿದ್ದು.

ಮುಚ್ಚಿದ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ಇರುವ ಸ್ವಿಚ್ಚಿನಿಂದ ರೂಟ್ ಸ್ವಿಚ್ಚಿಗೆ (ಮೂರರಲ್ಲಿ ಮುಖ್ಯ ಅಂತ ಆಯ್ಕೆಯಾದದ್ದು) ಹೋಗುವ ಕೇಬಲ್ಲನ್ನೇ ಕಿತ್ತರೆ ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ಮುಚ್ಚಿದ ಪೋರ್ಟ್ ತೆರೆಯುವ ಮುನ್ನ ಬೇರೆ ಸ್ವಿಚ್‌ಗಳ ಸುದ್ದಿ ಆಲಿಸಲು 15, ಯಾವ ಯಂತ್ರ ಎಲ್ಲಿದೆ ಅಂತ ಕಲಿಯಲು 15 ಸೆಕೆಂಡ್, ಅಲ್ಲಿಗೆ 30. ರೂಟ್‌ನಿಂದ ಇನ್ನೊಂದು ಸ್ವಿಚ್ಚಿಗೆ ಹೋಗುವ ಕೇಬಲ್ ಕಿತ್ತರೆ ಮುಚ್ಚಿದ ಪೋರ್ಟಿನ ಸ್ವಿಚ್ಚಿಗೆ ನೇರ ಸುದ್ದಿಯಿಲ್ಲ. ಹಳೇ ಮಾಹಿತಿ ಹಳಸಲಿ ಅಂತ ಮೊದಲು 20 ಸೆಕೆಂಡ್ ಕಾಯುತ್ತದೆ, ಆಮೇಲೆ ಅದೇ 30. ನಿಮ್ಮ 50ರ ಲೆಕ್ಕ ಇದೇ. ಮೂರನೆಯದು, ಅಂದರೆ ಮುಚ್ಚಿಟ್ಟ ದಾರಿಯ ಕೇಬಲ್ ಕಿತ್ತು ನೋಡಿ, ಯಾರಿಗೂ ಗೊತ್ತೇ ಆಗುವುದಿಲ್ಲ!

ಮೂರರಲ್ಲೂ ರಾಪಿಡ್ ಸ್ಪ್ಯಾನಿಂಗ್ ಟ್ರೀ (ಅದರದೇ ವೇಗದ ರೂಪ, 802.1ಡಬ್ಲ್ಯೂ ಎಂಬ 2001ರ ಮಾನದಂಡ) ಹಾಕಿ. ಅದು ಗಡಿಯಾರ ನೋಡುತ್ತಾ ಕೂರದೆ ಪಕ್ಕದ ಸ್ವಿಚ್ಚಿನ ಜೊತೆ ನೇರ ಮಾತಾಡಿ ಮುಗಿಸುತ್ತದೆ. ಒಂದೇ ಒಂದು ಸ್ವಿಚ್ ಹಳೇ ವಿಧಾನದಲ್ಲೇ ಉಳಿದರೂ ಆ ಕೊಂಡಿಯಲ್ಲಿ ಮತ್ತೆ ಹಳೇ ಕಾಯುವಿಕೆಯೇ. ಪಿಸಿಗಳ ಪೋರ್ಟನ್ನು ಎಡ್ಜ್ (ಅಂಚು, ಅದರಾಚೆ ಬೇರೆ ಸ್ವಿಚ್ ಇಲ್ಲ) ಅಂತ ಗುರುತು ಮಾಡಿ. ನಿಮ್ಮ ಪ್ರಶ್ನೆಗೆ ಯಾರೋ ಸ್ಪ್ಯಾನಿಂಗ್ ಟ್ರೀಯನ್ನೇ ಆಫ್ ಮಾಡಿ ಅಂತ ಉತ್ತರ ಕೊಟ್ಟಿದ್ದಾರಲ್ಲ, ಆ ಮಾತು ಮಾತ್ರ ಕೇಳಬೇಡಿ.