ಪಾಲನಾಗೃಹದ ಮಗುವಿನ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್ಕಾರಿ ಪಾಲನಾಗೃಹದಲ್ಲಿರುವ ಏಳು ವರ್ಷದ ಹುಡುಗಿ, ಅವಳು ಹೇಗಿದ್ದಾಳೆ, ಮುಂದೆ ಎಲ್ಲಿರಬೇಕು ಎಂದು ನೋಡುವ ಪರಿಶೀಲನಾ ಸಭೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಕಡತದಲ್ಲಿ ‘ಅಭಿಪ್ರಾಯವಿಲ್ಲ’ ಎಂದು ಬರೆಯುತ್ತಾರೆ. ಇದು ಸರಿಯೇ?

ಉತ್ತರ: ಖಂಡಿತ ಅಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ; ಅದರಲ್ಲಿ ಕನಿಷ್ಠ ವಯಸ್ಸೆಂಬುದಿಲ್ಲ. ಅದನ್ನು ವಿವರಿಸಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2009ರಲ್ಲಿ ಹೊರಡಿಸಿದ ಟಿಪ್ಪಣಿಯ ಪ್ರಕಾರ ಆಟ, ಚಿತ್ರ, ಮುಖಭಾವವೂ ಮಗುವಿನ ಮಾತೇ. ಅಭಿಪ್ರಾಯ ಹೇಳಲು ತನಗೆ ಬರುತ್ತದೆಂದು ಸಾಬೀತುಪಡಿಸುವ ಹೊಣೆ ಮಗುವಿನದಲ್ಲ.

ಐದಾರು ಮಂದಿ ದೊಡ್ಡವರು ಮೇಜಿನ ಸುತ್ತ ಕೂತು ‘ಹೇಳಮ್ಮಾ, ಇಲ್ಲಿ ಚೆನ್ನಾಗಿದ್ದೀಯಾ?’ ಎಂದರೆ ಮಗು ತಲೆಯಾಡಿಸಿ ಸುಮ್ಮನಾಗುತ್ತದೆ, ಅದರಲ್ಲೂ ದಿನಾ ಊಟ ಬಡಿಸುವವರು ಎದುರಿಗಿದ್ದರೆ. ನಿಜವಾದ ಕೆಲಸ ಇರುವುದು ಸಭೆಗೆ ಮುಂಚೆ. ಎರಡು ಮೂರು ದಿನ ಮೊದಲೇ ಅವಳು ನಂಬುವ ಒಬ್ಬರು ಅವಳ ಜೊತೆ ಕೂರಲಿ. ಸಭೆ ಯಾಕೆ, ಯಾರು ಬರುತ್ತಾರೆ, ಯಾವುದು ಅವರ ಕೈಯಲ್ಲಿದೆ, ಯಾವುದು ಇಲ್ಲ ಎಂದು ತಿಳಿಸಲಿ. ಮಾತಾಡದೇ ಇರುವುದೂ ಅವಳ ಹಕ್ಕೆಂದೂ ಹೇಳಲಿ. ಪ್ರಶ್ನೆ ಚಿಕ್ಕದಿರಲಿ, ಉತ್ತರ ಅದರೊಳಗೇ ಅಡಗಿರಬಾರದು: ‘ರಾತ್ರಿ ದೀಪ ಆರಿಸಿದ ಮೇಲೆ ಏನೇನಾಗುತ್ತೆ?’

ಉತ್ತರವನ್ನು ಅವಳ ಮಾತಲ್ಲೇ ಬರೆದು, ಓದಿ ಹೇಳಿ, ತಿದ್ದಲು ಬಿಡಿ. ‘ಮಗು ಮನೆಗೆ ಮರಳಲು ನಿರಾಕರಿಸಿದೆ’ ಎಂಬ ಕಡತದ ಭಾಷೆಗೂ ‘ಅಪ್ಪ ಕುಡಿದು ಬರೋ ದಿನ ಬೇಡ’ ಎಂಬ ಅವಳ ಮಾತಿಗೂ ಅಜಗಜಾಂತರ. ಅದೇ ಪ್ರಶ್ನೆಯನ್ನು ನಾಲ್ಕು ಜನ ನಾಲ್ಕು ಸಲ ಕೇಳಬೇಡಿ. ಮೊದಲು ಹೇಳಿದ್ದೇ ತಪ್ಪೇನೋ ಎಂದುಕೊಂಡು ಮಗು ಉತ್ತರ ಬದಲಿಸುತ್ತದೆ. ಇನ್ನು, ಎಲ್ಲವನ್ನೂ ಗುಟ್ಟಾಗಿಡುತ್ತೇನೆಂದು ಆಣೆ ಹಾಕಬೇಡಿ. ಅಪಾಯದ ಸಂಗತಿಯಾದರೆ ತಿಳಿಸಲೇಬೇಕಾಗುತ್ತದೆ ಎಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ಹದಿಮೂರರ ಹುಡುಗ ಅಣ್ಣನ ಜೊತೆಗಿರಬೇಕೆಂದು ಕೇಳಿದ್ದ. ತೀರ್ಮಾನ ಬೇರೆಯಾಯಿತು. ಈಗ ಯಾರೊಂದಿಗೂ ಮಾತಿಲ್ಲ. ಏನು ಮಾಡುವುದು?

ಉತ್ತರ: ಮಗು ಕೇಳಿದ್ದೆಲ್ಲ ಆಗಲೇಬೇಕೆಂದು ಒಡಂಬಡಿಕೆ ಹೇಳುವುದಿಲ್ಲ, ವಯಸ್ಸಿಗೂ ಪ್ರಬುದ್ಧತೆಗೂ ತಕ್ಕ ಮಹತ್ವ ಕೊಡಿ ಎನ್ನುತ್ತದೆ. ಆದರೆ ತನ್ನ ಮಾತನ್ನು ಹೇಗೆ ಪರಿಗಣಿಸಿದರು ಎಂಬುದು ಅವನಿಗೆ ತಿಳಿಯಬೇಕು. ಹೆಚ್ಚಿನ ಕಡೆ ಎಡವುವುದು ಇಲ್ಲೇ. ತೀರ್ಮಾನಿಸಿದವರೇ ಬಂದು ನಿಜವಾದ ಕಾರಣ ಹೇಳಲಿ. ಅಣ್ಣನಿರುವಲ್ಲಿ ಜಾಗ ಇಲ್ಲದ್ದಕ್ಕೆ ‘ನಿನ್ನ ಒಳ್ಳೆಯದಕ್ಕೇ’ ಎಂದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಅಷ್ಟಕ್ಕೂ ಜಾಗವಿಲ್ಲ ಎಂಬುದು ಸಾಕಾಗುವ ಕಾರಣವಲ್ಲ: ವಿಶ್ವಸಂಸ್ಥೆಯ ಪರ್ಯಾಯ ಪಾಲನೆ (ಹೆತ್ತವರ ಬಳಿ ಇರದ ಮಕ್ಕಳ ಪಾಲನೆ) ಮಾರ್ಗಸೂಚಿ ಪ್ರಕಾರ ದೌರ್ಜನ್ಯದ ಅಪಾಯವೋ ಮಗುವಿನ ಹಿತಕ್ಕೆ ಸಂಬಂಧಿಸಿದ ಬೇರೆ ಬಲವಾದ ಕಾರಣವೋ ಇಲ್ಲದೆ ಒಡಹುಟ್ಟಿದವರನ್ನು ಬೇರ್ಪಡಿಸಬಾರದು. ತಾತ್ಕಾಲಿಕ ಪಾಲನೆಯಾದರೆ ಸಾಧ್ಯವಾದಷ್ಟೂ ಮೂರು ತಿಂಗಳಿಗೊಮ್ಮೆ ಪರಿಶೀಲನೆಯನ್ನೂ ಅದು ಬಯಸುತ್ತದೆ. ಮುಂದಿನ ಪರಿಶೀಲನೆಯ ದಿನ, ಅಣ್ಣನ ಭೇಟಿಯ ದಿನ ಎರಡನ್ನೂ ಅವನ ಕೈಗೇ ಬರೆದುಕೊಡಿ. ದೂರು ಕೊಡುವ ದಾರಿಯನ್ನೂ ತೋರಿಸಿ. ಆ ದೂರು ಪಾಲನಾಗೃಹದ ಸಿಬ್ಬಂದಿಯ ಕೈ ದಾಟದೆ ನೇರ ಹೊರಗಿನ ಸ್ವತಂತ್ರ ಅಧಿಕಾರಿಗೆ ತಲುಪುವಂತಿರಬೇಕು.